ಕರಿ ನಿಲುವಂಗಿ, ಬಿಳಿ ಸುಣ್ಣ

ಕಪ್ಪು ಬಿಸಿಲನ್ನು ಹೀರುತ್ತದೆ, ಬಿಳಿ ಅದನ್ನು ಹಿಂದಕ್ಕೆ ಕಳಿಸುತ್ತದೆ. ಆದ್ದರಿಂದ ಬೇಸಿಗೆಯಲ್ಲಿ ಬಿಳಿ ಬಟ್ಟೆ ತೊಡಬೇಕು. ಶಾಲೆಯ ವಿಜ್ಞಾನ ಪಾಠದಲ್ಲಿ ಈ ಎರಡು ಮಾತುಗಳು ಒಂದೇ ಉಸಿರಿನಲ್ಲಿ ಬರುತ್ತವೆ. ನಡುವೆ ಕೂತಿರುವ ‘ಆದ್ದರಿಂದ’ವನ್ನು ಯಾರೂ ತಡೆದು ವಿಚಾರಿಸುವುದಿಲ್ಲ. ಮೊದಲನೆಯ ಮಾತಿನಲ್ಲಿ ತಕರಾರಿಲ್ಲ. ಎರಡನೆಯದು ಕೆಲವು ಕಡೆ ಪೂರ್ತಿ ನಿಜ, ಕೆಲವು ಕಡೆ ಅರ್ಧ ನಿಜ, ಒಂದೆರಡು ಕಡೆ ಸುಳ್ಳು. ಬಿಸಿಲಿಗೆ ಒಡ್ಡಿದ ವಸ್ತು ಎಷ್ಟು ಶಾಖ ಹೀರಿತು ಎನ್ನುವುದು ಒಂದು ಪ್ರಶ್ನೆ; ಹೀರಿದ ಶಾಖ ಯಾವ ಕಡೆಗೆ ಹೊರಟಿತು ಎನ್ನುವುದು ಬೇರೆಯೇ ಪ್ರಶ್ನೆ. ಬಣ್ಣ ಮೊದಲನೆಯದಕ್ಕೆ ಉತ್ತರ ಕೊಡುತ್ತದೆ, ಅದೂ ಪೂರ್ತಿಯಾಗಿ ಅಲ್ಲ. ಎರಡನೆಯದಕ್ಕೆ ಉತ್ತರ ಕೊಡುವುದು ಗಾಳಿ, ದಪ್ಪ, ನೆಯ್ಗೆ ಮತ್ತು ಬಟ್ಟೆಗೂ ಮೈಗೂ ನಡುವಿನ ಅಂತರ. ಉಷ್ಣದ ನಾಡುಗಳಲ್ಲಿ ಯಾರು ಏನು ಉಡಬೇಕು ಎಂಬುದರ ಕಳೆದ ಇನ್ನೂರೈವತ್ತು ವರ್ಷಗಳ ಚರಿತ್ರೆ ನೋಡಿದರೆ, ಮೊದಲ ಪ್ರಶ್ನೆಯ ಉತ್ತರವನ್ನೇ ಎರಡನೆಯದಕ್ಕೂ ಒಪ್ಪಿಸಿಬಿಟ್ಟದ್ದು ಕಾಣುತ್ತದೆ. ಸೈನಿಕರು, ವಕೀಲರು, ಬಿಸಿಲಲ್ಲಿ ದುಡಿಯುವವರು ಅದರ ಫಲ ಉಂಡಿದ್ದಾರೆ.

ಈ ವಿಚಾರದ ಮೇಲೆ ಬರವಣಿಗೆ ಆರಂಭವಾದದ್ದು ಹದಿನೇಳನೆಯ ಶತಮಾನದಲ್ಲಿ. ರಾಬರ್ಟ್ ಬಾಯ್ಲ್ 1664ರಲ್ಲಿ ಬಣ್ಣಗಳನ್ನು ಕುರಿತು ಪ್ರಕಟಿಸಿದ ಗ್ರಂಥದಲ್ಲಿ, ಬಿಸಿ ಸೀಮೆಯಲ್ಲಿ ಮೊಟ್ಟೆಯ ಚಿಪ್ಪಿಗೆ ಕಪ್ಪು ಬಳಿದು ಬಿಸಿಲಿಗಿಟ್ಟರೆ ಅದು ಬೇಗ ಬೇಯುತ್ತದೆಂದು ನಂಬಿಕಸ್ಥರೊಬ್ಬರು ತನಗೆ ಹೇಳಿದ್ದನ್ನು ದಾಖಲಿಸುತ್ತಾನೆ. ಆದರೆ ಜನರ ಮನಸ್ಸಿನಲ್ಲಿ ನಿಂತ ಪ್ರಯೋಗ ಬೆಂಜಮಿನ್ ಫ್ರಾಂಕ್ಲಿನ್‌ನದು. 1761ರ ಸೆಪ್ಟೆಂಬರಿನಲ್ಲಿ ಅವನು ಮೇರಿ ಸ್ಟೀವನ್‌ಸನ್ ಎಂಬ ತರುಣಿಗೆ ಬರೆದ ಕಾಗದದಲ್ಲಿ ಅದರ ವಿವರ ಇದೆ. ದರ್ಜಿಯ ಮಾದರಿ ಹಾಳೆಯಿಂದ ಉಣ್ಣೆ ಬಟ್ಟೆಯ ಚೌಕ ತುಂಡುಗಳನ್ನು ತೆಗೆದುಕೊಂಡು, ಬಿಸಿಲು ಚೆನ್ನಾಗಿ ಬಿದ್ದ ಬೆಳಗ್ಗೆ ಅವನ್ನು ಹಿಮದ ಮೇಲೆ ಹಾಸಿದ. ಕಪ್ಪು, ಕಡುನೀಲಿ, ತಿಳಿನೀಲಿ, ಹಸಿರು, ನೇರಳೆ, ಕೆಂಪು, ಹಳದಿ, ಬಿಳಿ ಎಲ್ಲವೂ ಅದರಲ್ಲಿದ್ದವು. ಕೆಲವು ಗಂಟೆಗಳಲ್ಲಿ ಕಪ್ಪು ತುಂಡು ತನ್ನಡಿಯ ಹಿಮವನ್ನು ಕರಗಿಸಿಕೊಂಡು, ಬಿಸಿಲೇ ತಾಕದಷ್ಟು ಆಳಕ್ಕೆ ಇಳಿದಿತ್ತು. ಕಡುನೀಲಿ ಹೆಚ್ಚುಕಡಿಮೆ ಅಷ್ಟೇ ಆಳ. ತಿಳಿನೀಲಿ ಅದಕ್ಕಿಂತ ಮೇಲೆ. ಉಳಿದವು ತಿಳಿಯಾದಷ್ಟೂ ಮೇಲೆ ಮೇಲೆ. ಬಿಳಿ ತುಂಡು ಇಟ್ಟಲ್ಲೇ ಇತ್ತು. ಉಷ್ಣಮಾಪಕ ಬೇಡ, ಲೆಕ್ಕ ಬೇಡ, ಕಣ್ಣಿದ್ದವರಿಗೆಲ್ಲ ಕಾಣುವ ಪುರಾವೆ. ಇಷ್ಟು ಕಡಿಮೆ ಸಾಮಗ್ರಿಯಲ್ಲಿ ಇಷ್ಟು ಸ್ಪಷ್ಟ ಉತ್ತರ ಪಡೆದ ಪ್ರಯೋಗಗಳು ವಿಜ್ಞಾನದಲ್ಲಿ ಹೆಚ್ಚಿಲ್ಲ.

ಫ್ರಾಂಕ್ಲಿನ್ ಅಲ್ಲಿಗೆ ನಿಲ್ಲಿಸಲಿಲ್ಲ. ಅರಿವಿನಿಂದ ಉಪಯೋಗ ಆಗಬೇಕು ಎನ್ನುವ ಮನುಷ್ಯ ಅವನು. ಅದೇ ಕಾಗದದಲ್ಲಿ ಸರಸರನೆ ತೀರ್ಮಾನಗಳನ್ನು ತೆಗೆಯುತ್ತಾನೆ: ಬಿಸಿ ನಾಡಿನಲ್ಲಿ ಕಪ್ಪು ಉಡುಪು ಬಿಳಿಯಷ್ಟು ತಕ್ಕದ್ದಲ್ಲ, ಈಸ್ಟ್ ಇಂಡೀಸ್, ವೆಸ್ಟ್ ಇಂಡೀಸ್‌ಗಳಲ್ಲಿ ಬಿಸಿಲಲ್ಲಿ ನಡೆದು ದುಡಿಯಬೇಕಾದ ಸೈನಿಕರಿಗೂ ನಾವಿಕರಿಗೂ ಬಿಳಿ ಸಮವಸ್ತ್ರ ಕೊಡಬೇಕು, ಬೇಸಿಗೆಯ ಟೋಪಿ ಬಿಳಿಯದಾಗಿರಬೇಕು, ಹಣ್ಣಿನ ಗಿಡಗಳ ಹಿಂದಿನ ಗೋಡೆಗೆ ಕಪ್ಪು ಬಳಿದರೆ ರಾತ್ರಿಯೂ ಬೆಚ್ಚಗಿದ್ದು ಹಣ್ಣನ್ನು ಚಳಿಯಿಂದ ಕಾಪಾಡೀತು. ಗೋಡೆಯ ಮಾತು ಅವನ ಪ್ರಯೋಗದಿಂದ ನೇರವಾಗಿ ಹೊರಡುತ್ತದೆ. ಉಡುಪಿನ ಮಾತು ಹಾಗೆ ಹೊರಡುವುದಿಲ್ಲ. ಹಿಮದ ಮೇಲೆ ಬಟ್ಟೆ ಅಂಟಿಕೊಂಡು ಮಲಗಿತ್ತು. ಅದು ಹೀರಿದ ಶಾಖದ ದೊಡ್ಡ ಪಾಲು ಕೆಳಗಿನ ಹಿಮಕ್ಕೇ ಇಳಿಯಿತು. ಮನುಷ್ಯನ ಮೈಮೇಲೆ ಬಟ್ಟೆ ಹಾಗೆ ಅಂಟಿಕೊಂಡೇ ಇರಬೇಕೆಂದಿಲ್ಲ. ಅದು ತೂಗುತ್ತದೆ, ಗಾಳಿಗೆ ಹಾರುತ್ತದೆ, ನಡೆದಾಗ ಮೈಗೆ ತಾಕಿ ದೂರ ಸರಿಯುತ್ತದೆ. ಈ ವ್ಯತ್ಯಾಸವನ್ನು ಅಳೆದು ನೋಡಲು ವಿಜ್ಞಾನಕ್ಕೆ ಇನ್ನೂರಕ್ಕೂ ಹೆಚ್ಚು ವರ್ಷ ಹಿಡಿಯಿತು.

ಆ ನಡುವೆ ಬಣ್ಣದ ನಿಯಮಕ್ಕೆ ಮಿತಿ ಹಾಕುವ ಸಂಗತಿಗಳು ಬೇರೆ ದಿಕ್ಕಿನಿಂದ ಬಂದವು. ಸೂರ್ಯನನ್ನು ದೂರದರ್ಶಕದಲ್ಲಿ ನೋಡಲು ಯಾವ ಬಣ್ಣದ ಗಾಜು ಕಣ್ಣಿಗೆ ಹಿತ ಎಂದು ಹುಡುಕುತ್ತಿದ್ದ ವಿಲಿಯಂ ಹರ್ಷೆಲ್, 1800ರಲ್ಲಿ ಪಟ್ಟಕದಿಂದ ಒಡೆದ ಬೆಳಕಿನ ಒಂದೊಂದು ಬಣ್ಣದಲ್ಲೂ ಉಷ್ಣಮಾಪಕ ಇಟ್ಟು ನೋಡಿದ. ಕೆಂಪಿನಾಚೆ, ಯಾವ ಬಣ್ಣವೂ ಕಾಣದ ಜಾಗದಲ್ಲಿ, ಪಾದರಸ ಇನ್ನೂ ಮೇಲೇರಿತು. ಇಂದು ಅದನ್ನು ಅವಗೆಂಪು ಕಿರಣ ಎನ್ನುತ್ತೇವೆ. ನೆಲಕ್ಕೆ ಬೀಳುವ ಬಿಸಿಲಿನ ಶಕ್ತಿಯಲ್ಲಿ ಸುಮಾರು ಅರ್ಧ ಈ ಕಾಣದ ಭಾಗದ್ದು. ಕಣ್ಣಿಗೆ ಕಪ್ಪಾಗಿ ಕಾಣುವ ವಸ್ತು ಅವಗೆಂಪಿನಲ್ಲಿಯೂ ಕಪ್ಪೇ ಆಗಿರಬೇಕೆಂಬ ಕಟ್ಟುಪಾಡಿಲ್ಲ. ಹಸಿರೆಲೆ ಕಣ್ಣಿಗೆ ಸಾಕಷ್ಟು ಗಾಢವಾಗಿ ಕಂಡರೂ ಹತ್ತಿರದ ಅವಗೆಂಪಿನ ಬಹುಭಾಗವನ್ನು ಹೀರದೆ ಬಿಡುತ್ತದೆ, ಇಲ್ಲದಿದ್ದರೆ ನಡುಮಧ್ಯಾಹ್ನ ಅದು ಇನ್ನೂ ಹೆಚ್ಚು ಕಾಯುತ್ತಿತ್ತು. ಹಾಗಾಗಿ ‘ಎಷ್ಟು ಹೀರಿತು’ ಎಂಬ ಮೊದಲ ಪ್ರಶ್ನೆಗೂ ಕಣ್ಣು ಕೊಡುವ ಸಾಕ್ಷ್ಯ ಅರ್ಧದ್ದೇ.

ನಾಲ್ಕು ವರ್ಷಗಳ ನಂತರ ಎಡಿನ್‌ಬರೋದ ಜಾನ್ ಲೆಸ್ಲಿ ಇನ್ನೊಂದು ಮಿತಿಯನ್ನು ತೋರಿಸಿಕೊಟ್ಟ. ಬಿಸಿನೀರು ತುಂಬಿದ ತಗಡಿನ ಘನಾಕಾರದ ಡಬ್ಬಿಯ ಒಂದು ಮುಖಕ್ಕೆ ದೀಪದ ಮಸಿ ಬಳಿದು, ಇನ್ನೊಂದಕ್ಕೆ ಬಿಳಿ ಕಾಗದ ಅಂಟಿಸಿ, ಮತ್ತೊಂದನ್ನು ಉಜ್ಜಿ ಹೊಳಪು ಕೊಟ್ಟು, ಯಾವ ಮುಖ ಎಷ್ಟು ಶಾಖ ಸೂಸುತ್ತದೆಂದು ಅಳೆದ. ಮಸಿಗೆ 100 ಅಂಕ ಕೊಟ್ಟರೆ ಬರೆಯುವ ಬಿಳಿ ಕಾಗದಕ್ಕೆ 98 ಬಂತು. ಹೊಳೆಯುವ ತವರಕ್ಕೆ ಬರೀ 12. ಶಾಖ ಸೂಸುವ ವಿಷಯದಲ್ಲಿ ಕಪ್ಪು-ಬಿಳಿಗಳ ನಡುವೆ ವ್ಯತ್ಯಾಸವೇ ಇಲ್ಲ ಎನ್ನಬಹುದು. ವ್ಯತ್ಯಾಸ ಇರುವುದು ಮಂಕು ಮೇಲ್ಮೈಗೂ ಹೊಳೆಯುವ ಲೋಹಕ್ಕೂ ನಡುವೆ. ಆದರೂ ನಂಬಿಕೆ ಸುಲಭವಾಗಿ ಬಿಡಲಿಲ್ಲ. ಶಾಖದ ಬಗ್ಗೆ ತನ್ನ ಕಾಲದಲ್ಲಿ ಎಲ್ಲರಿಗಿಂತ ಹೆಚ್ಚು ಪ್ರಯೋಗ ಮಾಡಿದವರಲ್ಲಿ ಒಬ್ಬನಾದ ಕೌಂಟ್ ರಮ್‌ಫೋರ್ಡ್, ಬಿಳಿ ಬಟ್ಟೆ ಮೈಯ ಶಾಖವನ್ನು ಕಡಿಮೆ ಸೂಸುತ್ತದೆಂದು ನಂಬಿ ಪ್ಯಾರಿಸಿನ ಚಳಿಗಾಲದಲ್ಲಿ ಅಡಿಯಿಂದ ಮುಡಿಯವರೆಗೆ ಬಿಳಿ ತೊಟ್ಟು ಓಡಾಡುತ್ತಿದ್ದ. 1833ರಲ್ಲಿ ಜೇಮ್ಸ್ ಸ್ಟಾರ್ಕ್ ಎಂಬಾತ ಬಣ್ಣವು ಶಾಖ ಸೂಸುವುದನ್ನೂ ನಿರ್ಧರಿಸುತ್ತದೆಂದು ಮತ್ತೆ ವಾದಿಸಿದ. ಅದನ್ನು ಪರೀಕ್ಷೆಗೆ ಒಡ್ಡಿ ಅಲ್ಲಗಳೆದವನು ಅಲೆಕ್ಸಾಂಡರ್ ಡಲ್ಲಸ್ ಬೇಚ್, ಹಿಮದ ಮೇಲೆ ಬಟ್ಟೆ ಹಾಸಿದ ಫ್ರಾಂಕ್ಲಿನ್‌ನ ಮರಿಮಗ. ಬಿಸಿಲಿಲ್ಲದ ಕಡೆ, ಬರೀ ಬಿಸಿ ವಸ್ತುವಿನ ಶಾಖದ ಲೆಕ್ಕದಲ್ಲಿ, ಬಣ್ಣಕ್ಕೆ ಪಾತ್ರವಿಲ್ಲ ಎಂಬುದು ಅವನ ಪ್ರಯೋಗಗಳ ಸಾರ.

ಇದೇ ಕಾಲದ ಇನ್ನೊಂದು ಪ್ರಯೋಗಕ್ಕೆ ಸಿಗಬೇಕಾದ ಗಮನ ಸಿಕ್ಕಿಲ್ಲ. ಲಂಡನ್ನಿನ ವೈದ್ಯ ಎವರಾರ್ಡ್ ಹೋಮ್ 1821ರಲ್ಲಿ ಪ್ರಕಟಿಸಿದ ಬರಹದಲ್ಲಿ, ತನ್ನ ಕೈಗಳನ್ನು ಕಡುಬಿಸಿಲಿಗೆ ಒಡ್ಡಿದ್ದನ್ನು ವಿವರಿಸುತ್ತಾನೆ. ಕಪ್ಪು ಬಟ್ಟೆಯ ಕೆಳಗೆ ಉಷ್ಣಮಾಪಕ ಹೆಚ್ಚು ತೋರಿಸಿತು. ಆದರೆ ಚರ್ಮ ಸುಡಲಿಲ್ಲ. ಬೊಬ್ಬೆ ಎದ್ದದ್ದು ಮುಚ್ಚದೆ ಬಿಟ್ಟ ಕೈಗೆ ಮತ್ತು ಬಿಳಿಯ ತೆಳು ಮುಸುಕಿನಡಿಯ ಚರ್ಮಕ್ಕೆ. ಬಿಸಿ ಬೇರೆ, ಬಿಸಿಲ ಸುಡುವಿಕೆ ಬೇರೆ ಎಂದು ಇದರಿಂದ ತಿಳಿಯಬೇಕಿತ್ತು. ಚರ್ಮ ಸುಡುವುದು ಅತಿನೇರಳೆ ಕಿರಣಗಳಿಂದ. ಅವು ತೆಳುವಾದ ಬಿಳಿ ಹತ್ತಿಯ ಮೂಲಕ ಸಾಕಷ್ಟು ಒಳಗೆ ಬರುತ್ತವೆ, ಅದೇ ನೆಯ್ಗೆಯ ಗಾಢ ಬಣ್ಣದ ಬಟ್ಟೆಯಲ್ಲಿ ಹೆಚ್ಚು ತಡೆಯಲ್ಪಡುತ್ತವೆ. ಮೈಯನ್ನು ತಂಪಾಗಿಡುವ ಬಣ್ಣ ಮತ್ತು ಚರ್ಮವನ್ನು ಕಾಯುವ ಬಣ್ಣ ಒಂದೇ ಆಗಿರಬೇಕಿಲ್ಲ. ಹೋಮ್‌ನ ಈ ಕಾಣ್ಕೆ ಮುಂದಿನ ನೂರು ವರ್ಷ ಉಷ್ಣವಲಯದ ಉಡುಪಿನ ಚರ್ಚೆಯಲ್ಲಿ ತಲೆಕೆಳಗಾಗಿ ನಿಂತಿತು.

ಸೈನ್ಯಕ್ಕೆ ಬರೋಣ. ಫ್ರಾಂಕ್ಲಿನ್ ಹೇಳಿದ ಬಿಳಿ ಸಮವಸ್ತ್ರ ಭಾರತದಲ್ಲಿ ಬ್ರಿಟಿಷ್ ದಂಡಿನ ಬೇಸಿಗೆಯ ಉಡುಪಾಗಿ ಬಂದೇ ಬಂತು. ಅದನ್ನು ಓಡಿಸಿದ್ದು ಮಣ್ಣಿನ ಬಣ್ಣದ ಖಾಕಿ. 1846ರಲ್ಲಿ ಪಂಜಾಬಿನ ಗಡಿಯಲ್ಲಿ ಹ್ಯಾರಿ ಲಮ್ಸ್‌ಡೆನ್ ಕಟ್ಟಿದ ಗೈಡ್ಸ್ ಪಡೆಯಿಂದ ಖಾಕಿಯ ಹಾದಿ ಶುರುವಾಗುತ್ತದೆ. 1857ರ ಹೋರಾಟದ ಕಾಲದಲ್ಲಿ ಹಲವು ತುಕಡಿಗಳು ತಮ್ಮ ಬಿಳಿ ಬಟ್ಟೆಗಳನ್ನು ಕೈಗೆ ಸಿಕ್ಕ ಕಷಾಯಗಳಲ್ಲಿ ಅದ್ದಿ ಮಬ್ಬಾಗಿಸಿಕೊಂಡವು. ನಮ್ಮ ಕರಾವಳಿಗೂ ಇದರಲ್ಲಿ ಪಾಲಿದೆ: ಮಂಗಳೂರಿನ ಬಾಸೆಲ್ ಮಿಷನ್ನಿನ ನೇಯ್ಗೆ ಕಾರ್ಖಾನೆಯಲ್ಲಿ ಹಾಲರ್ ಎಂಬ ಜರ್ಮನ್ ನೇಕಾರ 1850ರ ದಶಕದಲ್ಲಿ ಖಾಕಿ ಬಣ್ಣವನ್ನು ಹದಗೊಳಿಸಿದ ಎಂಬ ಮಾತು ಅಲ್ಲಿ ಇಂದಿಗೂ ಕೇಳಿಬರುತ್ತದೆ. ಗೈಡ್ಸ್ ಪಡೆಯ ಬಟ್ಟೆ ಅದಕ್ಕಿಂತ ಹಳೆಯದಾದ್ದರಿಂದ ಖಾಕಿ ಹುಟ್ಟಿದ್ದೇ ಮಂಗಳೂರಿನಲ್ಲಿ ಎನ್ನಲಾಗದು. ಬಣ್ಣ ತೊಳೆದರೆ ಹೋಗದಂತೆ ಕೂರಿಸುವ ಕಸುಬಿಗೆ ಅಲ್ಲಿಯ ಮಗ್ಗಗಳು ಕೈಜೋಡಿಸಿದವು ಎಂದರೆ ಒಪ್ಪಬಹುದು. ನಮ್ಮ ವಾದಕ್ಕೆ ಬೇಕಾದದ್ದು ಬೇರೆ. ಬಿಳಿಗಿಂತ ಹೆಚ್ಚು ಬಿಸಿಲು ಹೀರುವ ಬಣ್ಣವನ್ನು ಸೈನ್ಯ ಗೊತ್ತಿದ್ದೂ ಆರಿಸಿಕೊಂಡಿತು, ಏಕೆಂದರೆ ಬಿಳಿ ಅಂಗಿ ದೂರದಿಂದ ಗುರಿಯಾಗುತ್ತಿತ್ತು, ಬೇಗ ಕೊಳೆಯಾಗುತ್ತಿತ್ತು. ಹೀಗೆ ಬಣ್ಣ ಬದಲಾದಾಗ ದಂಡು ಬಿಸಿಲಿಗೆ ಕುಸಿದು ಬೀಳಲಿಲ್ಲ. ಕುತ್ತಿಗೆ ಬಿಗಿಯುವ ದಪ್ಪ ಕೆಂಪು ಕೋಟಿನಿಂದ ತೆಳು ಹತ್ತಿಯ ಸಡಿಲ ಅಂಗಿಗೆ ಬಂದದ್ದು ಕೊಟ್ಟ ಸುಖ, ಬಿಳಿಯಿಂದ ಖಾಕಿಗೆ ಬಂದದ್ದು ಕಿತ್ತುಕೊಂಡ ಸುಖಕ್ಕಿಂತ ಬಹಳ ದೊಡ್ಡದು.

ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಬಣ್ಣದ ನಂಬಿಕೆ ಅತಿರೇಕಕ್ಕೆ ಹೋಯಿತು. ಉಷ್ಣವಲಯದಲ್ಲಿ ಬಿಳಿಯರನ್ನು ಕುಗ್ಗಿಸುವುದು ಶಾಖವಲ್ಲ, ಮಾಂಸದೊಳಗೆ ಇಳಿದು ನರಗಳನ್ನೂ ಮಿದುಳನ್ನೂ ಹಾಳುಮಾಡುವ ಬೆಳಕಿನ ಕಿರಣಗಳು ಎಂಬ ಸಿದ್ಧಾಂತ ಹಬ್ಬಿತು. ಅಮೆರಿಕದ ಸೇನಾ ವೈದ್ಯ ಚಾರ್ಲ್ಸ್ ವುಡ್ರಫ್ 1905ರಲ್ಲಿ ಇದರ ಮೇಲೆ ಇಡೀ ಪುಸ್ತಕ ಬರೆದ. ಲಂಡನ್ನಿನಲ್ಲಿ ಲೂಯಿ ಸ್ಯಾಂಬನ್ ಕೆಂಪು ಎಳೆ ಒಳಮುಖವಾಗಿರುವ ‘ಸೊಲಾರೊ’ ಎಂಬ ಬಟ್ಟೆ ಮಾಡಿಸಿದ. ಕಪ್ಪು ಚರ್ಮ ಕಿರಣಗಳನ್ನು ತಡೆಯುವಂತೆ ಈ ಕೆಂಪು ತಡೆಯಬೇಕು ಎಂಬುದು ಅವನ ಆಲೋಚನೆ. ಭಾರತದಲ್ಲಿ ಸಾಹೇಬರ ಸೋಲಾ ಟೋಪಿಯೂ ಬೆನ್ನುಹುರಿಗೆ ಕಟ್ಟಿಕೊಳ್ಳುತ್ತಿದ್ದ ಮೆತ್ತೆಯೂ ಇದೇ ಭಯದ ಬೆಂಬಲದಿಂದ ಬಾಳಿದವು. ಅದೇ ಬಿಸಿಲಲ್ಲಿ ಗದ್ದೆಯಲ್ಲಿ ಬಾಗಿ ನಿಂತ ರೈತನ ಬರಿಬೆನ್ನು ಇವರ ಸಿದ್ಧಾಂತಕ್ಕೆ ಒಡ್ಡುತ್ತಿದ್ದ ಪ್ರಶ್ನೆಯನ್ನು ‘ಜನಾಂಗ ಬೇರೆ’ ಎಂದು ತಳ್ಳಿಹಾಕಲಾಯಿತು. ಕೊನೆಗೆ ಅಮೆರಿಕದ ಸೈನ್ಯವೇ ಫಿಲಿಪ್ಪೀನ್ಸಿನಲ್ಲಿ ಪರೀಕ್ಷೆ ನಡೆಸಿತು. ನೂರಾರು ಸೈನಿಕರಿಗೆ ಕಿತ್ತಳೆ-ಕೆಂಪು ಒಳಉಡುಪು ತೊಡಿಸಿ, ಅಷ್ಟೇ ಮಂದಿಯನ್ನು ಬಿಳಿ ಒಳಉಡುಪಿನಲ್ಲಿಟ್ಟು, ತಿಂಗಳುಗಟ್ಟಲೆ ತೂಕ, ನಾಡಿ, ರಕ್ತ, ಜ್ವರ ಎಲ್ಲವನ್ನೂ ದಾಖಲಿಸಿದರು. ಜೇಮ್ಸ್ ಫೇಲನ್ 1910ರಲ್ಲಿ ವರದಿ ಪ್ರಕಟಿಸಿದ: ಬಣ್ಣದ ಉಡುಪಿನಿಂದ ಯಾವ ರಕ್ಷಣೆಯೂ ಸಿಗಲಿಲ್ಲ, ತೊಟ್ಟವರಿಗೆ ಸೆಕೆ ಮಾತ್ರ ಹೆಚ್ಚಾಯಿತು. ಸಿದ್ಧಾಂತ ಆ ದಿನವೇ ಸಾಯಬೇಕಿತ್ತು. ಸೋಲಾ ಟೋಪಿ ಎರಡನೆಯ ಮಹಾಯುದ್ಧದವರೆಗೂ ತಲೆಯ ಮೇಲೆ ಉಳಿಯಿತು.

ಆ ಯುದ್ಧವೇ ಎರಡನೆಯ ಪ್ರಶ್ನೆಯನ್ನು ಗಂಭೀರವಾಗಿ ಕೇಳಿಸಿತು. ಮರುಭೂಮಿಯಲ್ಲಿ ಕಾದಾಡುವ ಸೈನಿಕನಿಗೆ ದಿನಕ್ಕೆ ಎಷ್ಟು ನೀರು ಬೇಕು ಎಂಬುದನ್ನು ತಿಳಿಯಲು ಎಡ್ವರ್ಡ್ ಅಡಾಲ್ಫ್ ನೇತೃತ್ವದ ತಂಡ ಕ್ಯಾಲಿಫೋರ್ನಿಯಾದ ಮರಳುಗಾಡಿನಲ್ಲಿ ಜನರನ್ನು ಬಟ್ಟೆಯಿದ್ದೂ ಇಲ್ಲದೆಯೂ ಬಿಸಿಲಲ್ಲಿ ಕೂರಿಸಿ ಬೆವರು ಅಳೆಯಿತು. ಬಟ್ಟೆ ಬಿಚ್ಚಿದವರು ಹೆಚ್ಚು ಬೆವರಿದರು. ಬಟ್ಟೆ ಎಂದರೆ ಬಿಸಿಲಿಗೂ ಮೈಗೂ ನಡುವಿನ ಮರೆ; ಬಿಸಿಲ ಏಟು ಅದರ ಹೊರಮೈಗೆ ಬೀಳುತ್ತದೆ, ಅಲ್ಲೇ ಬಿಸಿಯಾಗಿ ಗಾಳಿಗೆ ಬಿಟ್ಟುಕೊಡುತ್ತದೆ. ಐವತ್ತರ ದಶಕದಲ್ಲಿ ಸಹಾರಾದಲ್ಲಿ ಒಂಟೆಗಳನ್ನು ಅಭ್ಯಾಸ ಮಾಡಿದ ಕ್ನುಟ್ ಶ್ಮಿಟ್-ನೀಲ್ಸನ್, ತುಪ್ಪಳ ಕತ್ತರಿಸಿದ ಒಂಟೆ ಸುಮಾರು ಒಂದೂವರೆ ಪಟ್ಟು ನೀರನ್ನು ಬೆವರಾಗಿ ಕಳೆದುಕೊಳ್ಳುವುದನ್ನು ಕಂಡ. ಕೂದಲ ತುದಿ ಕೈ ಮುಟ್ಟಿಸಲಾಗದಷ್ಟು ಕಾದಿದ್ದರೂ ಬುಡದ ಚರ್ಮ ತಣ್ಣಗಿರಬಲ್ಲದು.

ಬಣ್ಣದ ಪ್ರಶ್ನೆಯನ್ನು ನೇರವಾಗಿ ಮೈಮೇಲೆಯೇ ಕೇಳಿದವರು ಅಮಿರಾಮ್ ಶ್ಕೋಲ್ನಿಕ್, ರಿಚರ್ಡ್ ಟೇಲರ್, ವರ್ಜೀನಿಯಾ ಫಿಂಚ್ ಮತ್ತು ಅರಿಯೆ ಬೊರುತ್. 1980ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ಅವರ ಚಿಕ್ಕ ಲೇಖನ, ಬೆದೂಯಿನರು ಸುಡುವ ಮರುಭೂಮಿಯಲ್ಲಿ ಕರಿ ನಿಲುವಂಗಿ ಯಾಕೆ ತೊಡುತ್ತಾರೆ ಎಂಬ ಸರಳ ಪ್ರಶ್ನೆಯಿಂದ ಹೊರಡುತ್ತದೆ. ನೆಗೆವ್ ಮರುಭೂಮಿಯ ನಡುಹಗಲಲ್ಲಿ, ನೆರಳಿನ ತಾಪ 35ರಿಂದ 46 ಡಿಗ್ರಿ ಸೆಲ್ಸಿಯಸ್ ಇರುವಾಗ, ಸ್ವಯಂಸೇವಕನೊಬ್ಬ ಕರಿ ನಿಲುವಂಗಿ, ಅದೇ ಬಗೆಯ ಬಿಳಿ ನಿಲುವಂಗಿ, ಕಂದು ಸೇನಾ ಉಡುಪು, ಬರೀ ಚಡ್ಡಿ, ಹೀಗೆ ನಾಲ್ಕು ವೇಷಗಳಲ್ಲಿ ಬಿಸಿಲಿಗೆ ನಿಂತ. ಕರಿ ಬಟ್ಟೆ ಬಿಳಿಗಿಂತ ಹೆಚ್ಚು ಬಿಸಿಲು ಹೀರಿತು, ಅದರ ಮೇಲ್ಮೈ ಹೆಚ್ಚು ಕಾದಿತು. ಫ್ರಾಂಕ್ಲಿನ್ ಹೇಳಿದ್ದು ಇಲ್ಲಿಯವರೆಗೆ ಅಕ್ಷರಶಃ ಸರಿ. ಆದರೆ ಮೈಗೆ ಸೇರಿದ ಶಾಖ ಎರಡೂ ನಿಲುವಂಗಿಗಳಲ್ಲಿ ಒಂದೇ ಆಗಿತ್ತು. ಕಪ್ಪು ಹೆಚ್ಚಾಗಿ ಹೀರಿದ ಶಾಖ ಚರ್ಮವನ್ನು ಮುಟ್ಟುವ ಮೊದಲೇ ಗಾಳಿಗೆ ಹೋಗಿಬಿಟ್ಟಿತ್ತು. ಕಾದ ಬಟ್ಟೆಯ ಒಳಮೈಯ ಗಾಳಿ ಹಗುರಾಗಿ ಮೇಲೇರಿ ಕೊರಳ ಬಳಿ ಹೊರಬೀಳುತ್ತದೆ, ಕೆಳಗಿನ ಅಂಚಿನಿಂದ ಹೊಸ ಗಾಳಿ ನುಗ್ಗುತ್ತದೆ. ಬೀಸುವ ಗಾಳಿಗೆ ಅಂಗಿ ಅಲುಗಾಡಿದಾಗಲೆಲ್ಲ ಒಳಗಿನ ಬಿಸಿಗಾಳಿ ಹೊರಗೆ ತಳ್ಳಲ್ಪಡುತ್ತದೆ. ಎರಡು ವರ್ಷ ಮುಂಚೆ, 1978ರಲ್ಲಿ, ಗ್ಲೆನ್ ವಾಲ್ಸ್‌ಬರ್ಗ್ ಮತ್ತು ಸಂಗಡಿಗರು ಪಾರಿವಾಳದ ಪುಕ್ಕಗಳಲ್ಲಿ ಇದಕ್ಕಿಂತಲೂ ಮುಂದೆ ಹೋಗಿದ್ದರು. ಗಾಳಿ ಇಲ್ಲದಾಗ ಬಿಳಿ ಪುಕ್ಕ ತಂಪು. ಪುಕ್ಕ ಕೆದರಿ ನಿಂತು, ಗಾಳಿ ಸೆಕೆಂಡಿಗೆ 3 ಮೀಟರಿಗಿಂತ ಜೋರಾದಾಗ, ಕರಿ ಪುಕ್ಕದಡಿಯ ಚರ್ಮಕ್ಕೆ ತಲುಪುವ ಶಾಖವೇ ಕಡಿಮೆ. ಬಿಳಿ ಎಳೆಗಳ ನಡುವೆ ಬೆಳಕು ಚದುರಿ ಚದುರಿ ಚರ್ಮದ ಹತ್ತಿರದವರೆಗೆ ಇಳಿದು ಅಲ್ಲಿ ಶಾಖವಾಗುತ್ತದೆ. ಕಪ್ಪು ಅದನ್ನು ತುದಿಯಲ್ಲೇ ಹಿಡಿದುಬಿಡುತ್ತದೆ, ತುದಿಯ ಶಾಖವನ್ನು ಗಾಳಿ ಒಯ್ಯುತ್ತದೆ.

ಇದಕ್ಕೆ ಬರುವ ಆಕ್ಷೇಪಣೆಗಳು ಹಗುರವಾದವಲ್ಲ. ಒಬ್ಬ ಮನುಷ್ಯನ ಮೇಲೆ ನಡೆದ ಪರೀಕ್ಷೆಯಿಂದ ಲೋಕಕ್ಕೆಲ್ಲ ನಿಯಮ ಮಾಡಬಹುದೇ ಎಂಬುದು ಮೊದಲನೆಯದು. ನಿಯಮ ಮಾಡಲಾಗದು, ಆದರೆ ‘ಕಪ್ಪು ಯಾವಾಗಲೂ ಮೈಯನ್ನು ಹೆಚ್ಚು ಕಾಯಿಸುತ್ತದೆ’ ಎಂಬ ಸಾರ್ವತ್ರಿಕ ಹೇಳಿಕೆಯನ್ನು ಮುರಿಯಲು ಸರಿಯಾಗಿ ಅಳೆದ ಒಂದೇ ಉದಾಹರಣೆ ಸಾಕು. ಹಾಗಾದರೆ ಅರಬ್ ನಾಡುಗಳ ಗಂಡಸರು ಬಿಳಿ ಉಡುಪನ್ನೇ ಯಾಕೆ ತೊಡುತ್ತಾರೆ ಎಂಬುದು ಎರಡನೆಯದು. ಕಪ್ಪು ಮೇಲು ಎಂದು ಆ ಪ್ರಯೋಗ ಹೇಳಲೇ ಇಲ್ಲ. ಉಡುಪು ಸಡಿಲವಾಗಿ, ಗಾಳಿಯಾಡುವಂತಿದ್ದರೆ ಬಣ್ಣದ ಆಯ್ಕೆ ಶಾಖದ ಹಂಗಿನಿಂದ ಬಿಡುಗಡೆಯಾಗುತ್ತದೆ, ಆಗ ಅಂತಸ್ತು, ಲಿಂಗ, ಮತ, ಕೈಗೆ ಸಿಗುವ ಉಣ್ಣೆ, ಇವು ನಿರ್ಧರಿಸಬಹುದು ಎಂದಷ್ಟೇ ಅದರ ಅರ್ಥ. ಮೂರನೆಯದು ನಿತ್ಯದ ಅನುಭವದ ಆಕ್ಷೇಪಣೆ: ಮೇ ತಿಂಗಳ ಕಲಬುರಗಿಯಲ್ಲಿ ಕರಿ ಅಂಗಿ ತೊಟ್ಟವರಿಗೆ ಬೆನ್ನು ಸುಡುವುದಿಲ್ಲವೇ? ಸುಡುತ್ತದೆ. ಹೊಲಿಸಿದ ಅಂಗಿ ಭುಜಕ್ಕೂ ಬೆನ್ನಿಗೂ ಒತ್ತಿಕೊಂಡಿರುತ್ತದೆ. ಅದು ಹಿಮಕ್ಕೆ ಅಂಟಿದ ಫ್ರಾಂಕ್ಲಿನ್‌ನ ತುಂಡಿನ ಸ್ಥಿತಿ. ಅಲ್ಲಿ ಹಳೆಯ ನಿಯಮ ಪೂರ್ತಿ ನಡೆಯುತ್ತದೆ. ಗಾಳಿ ಸತ್ತ ದಿನವೂ ಅಷ್ಟೇ.

ಕರ್ನಾಟಕದ ಬಯಲುಸೀಮೆಯಲ್ಲಿ ಈ ಚರ್ಚೆಗೆ ತಕ್ಕ ವಸ್ತುವೊಂದಿದೆ: ಕುರುಬರ ಕರಿ ಕಂಬಳಿ. ದಖ್ಖನಿ ಕುರಿಯ ಕಪ್ಪು ಉಣ್ಣೆಯನ್ನು ಕತ್ತರಿಸಿ, ಹಿಂಜಿ, ನೂತು, ಹುಣಸೆ ಬೀಜದ ಗಂಜಿ ಹಚ್ಚಿ, ಗುಂಡಿ ಮಗ್ಗದಲ್ಲಿ ನೇಯ್ದ ಈ ಕಂಬಳಿ ಚಳ್ಳಕೆರೆಯ ಸುತ್ತಮುತ್ತಲಿನ ಕಸುಬು, ಕುರುಬರ ಪೂಜೆಯಲ್ಲಿ ಗದ್ದುಗೆ, ಅಡವಿಯಲ್ಲಿ ಹಾಸಿಗೆ. ಹೆಗಲಿಗೆ ಹಾಕಿಕೊಂಡು, ತಲೆಗೆ ಕೊಪ್ಪೆ ಮಾಡಿಕೊಂಡು ಕುರಿ ಕಾಯುವವರು ಮಳೆಗೂ ಚಳಿಗೂ ಬಿಸಿಲಿಗೂ ಒಂದನ್ನೇ ಬಳಸುತ್ತಾರೆ. ದಪ್ಪ ಉಣ್ಣೆ, ಸಡಿಲ ಹೊದಿಕೆ, ಬಯಲಿನ ಗಾಳಿ. ಬೆದೂಯಿನರ ನಿಲುವಂಗಿಗೆ ಅನ್ವಯಿಸಿದ ಭೌತಶಾಸ್ತ್ರ ಇಲ್ಲಿಗೂ ಬಹುಮಟ್ಟಿಗೆ ಅನ್ವಯಿಸುತ್ತದೆ. ಇಷ್ಟು ಹೇಳಿದ ಕೂಡಲೇ ‘ನಮ್ಮ ಹಿರಿಯರಿಗೆ ಈ ವಿಜ್ಞಾನವೆಲ್ಲ ಮೊದಲೇ ಗೊತ್ತಿತ್ತು’ ಎನ್ನುವ ದನಿ ಏಳುತ್ತದೆ. ಆ ಮಾತನ್ನು ನಾನು ಒಪ್ಪುವುದಿಲ್ಲ, ಮತ್ತು ಒಪ್ಪದಿರುವುದು ಕುರುಬರ ಜಾಣ್ಮೆಗೆ ಮಾಡುವ ಅವಮಾನವೂ ಅಲ್ಲ. ಕಂಬಳಿ ಕಪ್ಪಾಗಿರುವುದಕ್ಕೆ ಮೊದಲ ಕಾರಣ ಕುರಿ ಕಪ್ಪಾಗಿರುವುದು. ಬಣ್ಣ ಹಾಕುವ ಖರ್ಚಿಲ್ಲ, ಕೊಳೆ ಕಾಣುವುದಿಲ್ಲ, ನೀರು ಬೇಗ ಒಳಗಿಳಿಯುವುದಿಲ್ಲ. ಬಿಸಿಲಲ್ಲಿ ಅದು ತೊಂದರೆ ಕೊಡಲಿಲ್ಲವಾದ್ದರಿಂದ ಉಳಿಯಿತು. ರೂಢಿ ಬಹಳ ಸಲ ಹೀಗೇ ಬಾಳುತ್ತದೆ: ಸಿದ್ಧಾಂತದಿಂದ ಹುಟ್ಟುವುದಿಲ್ಲ, ತೊಂದರೆ ಕೊಡದಿದ್ದರೆ ಸಾಯುವುದೂ ಇಲ್ಲ. ಹೊರಗಿನವರು ಕರಿ ಬಟ್ಟೆ ಕಂಡು ಮೌಢ್ಯ ಎನ್ನುವುದೂ, ಒಳಗಿನವರು ಅದೇ ಬಟ್ಟೆ ಕಂಡು ಪ್ರಾಚೀನ ವಿಜ್ಞಾನ ಎನ್ನುವುದೂ ಅಳತೆ ಮಾಡದೆ ಆಡುವ ಮಾತುಗಳು.

ಬೆದೂಯಿನರ ಸಾಕ್ಷ್ಯವನ್ನು ತಪ್ಪು ಕಡೆ ತಂದು ನಿಲ್ಲಿಸುವುದೂ ಉಂಟು. ವಕೀಲರ ಕಪ್ಪು ಕೋಟಿನ ವಿಷಯ ಬಂದಾಗ, ಮರುಭೂಮಿಯವರೇ ಕಪ್ಪು ತೊಡುವಾಗ ನಮಗೇನು ಎನ್ನುವ ಸಮರ್ಥನೆ ಅಂಥದ್ದು. ಇಂಗ್ಲೆಂಡಿನ ಚಳಿಯ ಕೋರ್ಟುಗಳಿಂದ ಬಂದ ಈ ಉಡುಪು 1961ರ ವಕೀಲರ ಕಾಯ್ದೆಯ ಅಡಿ ಮಾಡಿದ ನಿಯಮಗಳಲ್ಲಿ ಭದ್ರವಾಗಿ ಕುಳಿತಿದೆ. ಕತ್ತು ಮುಚ್ಚುವ ಬಿಳಿ ಪಟ್ಟಿ, ಗುಂಡಿ ಹಾಕಿದ ಅಂಗಿ, ಅದರ ಮೇಲೆ ಮೈಗೊಪ್ಪುವ ಅಸ್ತರಿನ ಕೋಟು, ಮೇಲೆ ಗೌನು. ನಿಲುವಂಗಿಯಲ್ಲಿ ಗಾಳಿ ಹೊರಹೋಗುವ ದಾರಿ ಯಾವುದೋ, ಆ ಕೊರಳನ್ನೇ ಇಲ್ಲಿ ಮುಚ್ಚಲಾಗಿದೆ. ಇಲ್ಲಿ ಬಣ್ಣಕ್ಕಿಂತ ಕಟ್ಟು ಹೆಚ್ಚು ಕೆಟ್ಟದ್ದು. ಇದೇ ಕೋಟನ್ನು ಬಿಳಿಯಾಗಿ ಹೊಲಿಸಿದರೂ ರಾಯಚೂರಿನ ಕೋರ್ಟಿನ ಹಾಲಿನಲ್ಲಿ, ಬಿಸಿಲೇ ಬೀಳದ ಜಾಗದಲ್ಲಿ, ಸೆಕೆ ಕಡಿಮೆಯಾಗದು. ಬೇಚ್ ತೋರಿಸಿದ್ದು ಅದನ್ನೇ. ಬಾರ್ ಕೌನ್ಸಿಲ್ ನಿಯಮವೇನೋ ಬೇಸಿಗೆಯಲ್ಲಿ ಕೋಟು ಕಡ್ಡಾಯವಲ್ಲ ಎನ್ನುತ್ತದೆ, ಆದರೆ ಸುಪ್ರೀಂ ಕೋರ್ಟು ಮತ್ತು ಹೈಕೋರ್ಟುಗಳನ್ನು ಹೊರಗಿಟ್ಟು. ವಿನಾಯಿತಿ ಇರುವ ಕೆಳ ನ್ಯಾಯಾಲಯಗಳಲ್ಲಿಯೂ ಕೋಟು ಬಿಡಲು ಹಲವರು ಹಿಂಜರಿಯುತ್ತಾರೆ.

ಹಾಗಾದರೆ ಫ್ರಾಂಕ್ಲಿನ್‌ನ ನಿಯಮ ಚಾಚೂ ತಪ್ಪದೆ ನಡೆಯುವ ಜಾಗ ಯಾವುದು? ಹಗಲೆಲ್ಲ ಕದಲದೆ ಬಿಸಿಲಿಗೆ ಮುಖವೊಡ್ಡಿ, ಒಳಮೈಯಿಂದ ನೇರವಾಗಿ ಮನೆಗೆ ಅಂಟಿಕೊಂಡಿರುವ ಚಪ್ಪಟೆ ಮಾಳಿಗೆ ಮತ್ತು ಗೋಡೆ. ಇಲ್ಲಿ ಸುಣ್ಣಕ್ಕೆ ಸಮನಾದ ವಸ್ತು ಕಡಿಮೆ. ಕರಾವಳಿಯಲ್ಲಿ ಕಪ್ಪೆಚಿಪ್ಪು ಸುಟ್ಟು, ಬಯಲುಸೀಮೆಯಲ್ಲಿ ಸುಣ್ಣದ ಕಲ್ಲು ಸುಟ್ಟು, ನೀರಿನಲ್ಲಿ ಅರಳಿಸಿ ಬಳಿದಾಗ, ಅದು ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿ ಮತ್ತೆ ಕಲ್ಲಿನ ತೆಳುಪದರವಾಗುತ್ತದೆ. ಹೊಸ ಸುಣ್ಣ ಬಿಸಿಲಿನ ಮುಕ್ಕಾಲು ಪಾಲಿಗಿಂತ ಹೆಚ್ಚನ್ನು ಹಿಂದೆ ಕಳಿಸುತ್ತದೆ, ಕಾಣದ ಅವಗೆಂಪಿನ ಬಹುಭಾಗವೂ ಅದರಲ್ಲಿ ಸೇರಿದೆ. ಲೆಸ್ಲಿಯ ಬಿಳಿ ಕಾಗದದಂತೆ, ಹೀರಿದ ಅಲ್ಪಸ್ವಲ್ಪವನ್ನು ರಾತ್ರಿ ಆಕಾಶಕ್ಕೆ ಮಸಿಯಷ್ಟೇ ಧಾರಾಳವಾಗಿ ಸೂಸುತ್ತದೆ. ಹಗಲು ಒಳಬಿಡದ, ರಾತ್ರಿ ಹೊರಹಾಕುವ ಎರಡೂ ಗುಣ ಒಂದೇ ವಸ್ತುವಿನಲ್ಲಿ ಸಿಗುವುದು ಸಾಮಾನ್ಯವಲ್ಲ. ಹೊಳೆಯುವ ತಗಡಿಗೆ ಮೊದಲ ಗುಣ ಇದೆ, ಎರಡನೆಯದಿಲ್ಲ. ಅದಕ್ಕೇ ತಗಡಿನ ಮನೆ ಕಣ್ಣು ಕುಕ್ಕುವಷ್ಟು ಬೆಳಕನ್ನು ಹಿಂದಕ್ಕೆ ಎಸೆದೂ ಒಳಗೆ ಬೇಯುತ್ತದೆ. ತುಕ್ಕು ಹಿಡಿದರೆ ಮೊದಲ ಗುಣವೂ ಹೋಯಿತು. ನಡುಹಗಲಿನ ಬಿಸಿಲು ಒಂದು ಚದರ ಮೀಟರಿಗೆ ಸುಮಾರು 1000 ವ್ಯಾಟ್. 10 ಅಡಿಗೆ 10 ಅಡಿಯ ಕೋಣೆಯ ತಾರಸಿ 9 ಚದರ ಮೀಟರಿಗಿಂತ ತುಸು ಹೆಚ್ಚು. ಪಾಚಿ ಒಣಗಿ ಕಪ್ಪಾದ ಸಿಮೆಂಟ್ ಅದರಲ್ಲಿ ನೂರಕ್ಕೆ 70ರಷ್ಟನ್ನು ಹೀರಿ, ಸುಣ್ಣ 25ರಷ್ಟನ್ನು ಹೀರಿದರೂ, ವ್ಯತ್ಯಾಸ 4 ಕಿಲೋವ್ಯಾಟ್: ಮಾಳಿಗೆಯ ಮೇಲೆ ನಾಲ್ಕು ಇಸ್ತ್ರಿ ಪೆಟ್ಟಿಗೆ ಹಚ್ಚಿಟ್ಟಂತೆ.

ಇಲ್ಲಿಯೂ ಒಂದು ಎದುರು ಉದಾಹರಣೆ ಇದೆ, ಅದೂ ಮಂಗಳೂರಿನದೇ. 1865ರಲ್ಲಿ ಜೆಪ್ಪುವಿನಲ್ಲಿ ಜಾರ್ಜ್ ಪ್ಲೆಬ್ಸ್ಟ್ ಆರಂಭಿಸಿದ ಬಾಸೆಲ್ ಮಿಷನ್ ಕಾರ್ಖಾನೆಯಿಂದ ಹೊರಬಿದ್ದ ಕೆಂಪು ಹಂಚು ಬಿಳಿಯಲ್ಲ. ಎರಡು ಮಳೆಗಾಲ ಕಳೆದರೆ ಹಾವಸೆ ಹಿಡಿದು ಕಪ್ಪೇ ಆಗುತ್ತದೆ. ಆದರೂ ಹಂಚಿನ ಮನೆ ಸಿಮೆಂಟಿನ ಮನೆಗಿಂತ ತಂಪು ಎನ್ನುವವರ ಮಾತು ಸರಿ. ಹಂಚುಗಳ ಸಂದುಗಳಲ್ಲಿ ಗಾಳಿ ನುಸುಳುತ್ತದೆ, ಇಳಿಜಾರಿನ ಕೆಳಗೆ ಅಟ್ಟದ ಗಾಳಿ ನಿಂತಿದೆ, ಕಾದ ಗಾಳಿ ತುದಿಯಲ್ಲಿ ಹೊರಹೋಗುತ್ತದೆ. ಅದು ಮನೆಗೆ ತೊಡಿಸಿದ ಸಡಿಲ ನಿಲುವಂಗಿ. ಇಂದು ಪಟ್ಟಣಗಳು ಆ ಛಾವಣಿಯನ್ನು ಬಿಟ್ಟು ಚಪ್ಪಟೆ ಕಾಂಕ್ರೀಟಿಗೆ ಬಂದಿರುವುದರಿಂದಲೇ ಬಣ್ಣದ ಪ್ರಶ್ನೆ ಮತ್ತೆ ಮುಖ್ಯವಾಗಿದೆ: ಗಾಳಿಯ ದಾರಿ ಮುಚ್ಚಿದ ಮೇಲೆ ಉಳಿಯುವ ಉಪಾಯ ಬಿಸಿಲನ್ನು ಹೊಸ್ತಿಲಲ್ಲೇ ತಿರುಗಿಸುವುದು. 2013ರಲ್ಲಿ ಬಿಸಿಗಾಳಿ ಎದುರಿಸುವ ಯೋಜನೆ ಮಾಡಿದ ಅಹಮದಾಬಾದು ಮುಂದೆ ಬಡವರ ಕೇರಿಗಳ ಸೂರಿಗೆ ಬಿಳಿ ಸುಣ್ಣ ಬಳಿಸಿತು. ನೆರೆಯ ತೆಲಂಗಾಣ 2023ರಲ್ಲಿ ತಂಪು ಛಾವಣಿಗೆಂದೇ ನೀತಿ ಹೊರಡಿಸಿತು. ಕಲಬುರಗಿ, ರಾಯಚೂರು, ವಿಜಯಪುರಗಳ ತಗಡಿನ ಮತ್ತು ಸಿಮೆಂಟಿನ ಸೂರುಗಳಿಗೆ ಇದು ತುರ್ತಾಗಿ ಬೇಕು. ಬಳಿದರೆ ಸಾಲದು, ಧೂಳು ಕೂತ ಸುಣ್ಣ ಬೇಗ ಬೂದಿಬಣ್ಣಕ್ಕೆ ತಿರುಗಿ ಬಿಸಿಲು ಹೀರತೊಡಗುತ್ತದೆ. ದಸರೆಗೋ ದೀಪಾವಳಿಗೋ ಬಳಿದ ಸುಣ್ಣ ಏಪ್ರಿಲ್ ಹೊತ್ತಿಗೆ ಅರ್ಧ ಕೆಲಸ ಕಳೆದುಕೊಂಡಿರುತ್ತದೆ. ಶಾಖದ ಲೆಕ್ಕದಲ್ಲಿ ಮಾಳಿಗೆಗೆ ಸುಣ್ಣ ಬಳಿಯುವ ಸರಿಯಾದ ಕಾಲ ಶಿವರಾತ್ರಿಗೂ ಯುಗಾದಿಗೂ ನಡುವಿನ ವಾರಗಳು.